ಒಂದು ಡಬ್ಬಿಯ ವಿಮರ್ಶೆ

ಸಿನಿಮಾ, ಪುಸ್ತಕದ ವಿಮರ್ಶೆ ಎಲ್ಲರೂ ಬರೀತಾರೆ. ನಾನಿವತ್ತು ಒಂದು ಡಬ್ಬಿಯ ಲೇಬಲ್ ವಿಮರ್ಶೆ ಮಾಡ್ತೀನಿ. ಕಣ್ಣಿನ ವಿಟಮಿನ್ ಡಬ್ಬಿ. ಮುಂಭಾಗದಲ್ಲಿ ಹೊಳೆಯೋ ಕಣ್ಣು, ಅದರ ಕೆಳಗೆ 'ದೃಷ್ಟಿ ಕಾಪಾಡುತ್ತದೆ, ಸಂಶೋಧನೆಯಿಂದ ಸಾಬೀತಾಗಿದೆ' ಅನ್ನೋ ಸಾಲು. ಅಪ್ಪನಿಗೆ ಕಣ್ಣು ಮಂಜಾಗ್ತಿದೆ ಅಂತ ಅವ್ವ ಫೋನಲ್ಲಿ ಹೇಳಿದ ರಾತ್ರಿಯೇ ಆರ್ಡರ್ ಮಾಡಿ ಊರಿಗೆ ಕಳಿಸಿದ್ದೆ. ರಜೆ ಹಾಕಿ ಹೋಗೋದಕ್ಕಿಂತ ಸುಲಭ ನೋಡಿ.

ಲೇಬಲ್ ಪೂರ್ತಿ ಸುಳ್ಳು ಹೇಳಲ್ಲ. ಅಮೆರಿಕದ ನ್ಯಾಷನಲ್ ಐ ಇನ್‌ಸ್ಟಿಟ್ಯೂಟ್ ನಡೆಸಿದ ಏರೆಡ್ಸ್ ಅಧ್ಯಯನದ ಫಲಿತಾಂಶ 2001ರಲ್ಲಿ ಬಂತು. ವಯಸ್ಸಾದವರಲ್ಲಿ ರೆಟಿನಾದ ನಡುಭಾಗ ಹಾಳಾಗುವ ಒಂದು ಕಾಯಿಲೆ ಇದೆ. ಅದು ಮಧ್ಯಮ ಹಂತ ಮುಟ್ಟಿದವರು ವಿಟಮಿನ್ ಸಿ, ಇ, ಬೀಟಾ ಕ್ಯಾರೊಟಿನ್, ಸತು ಸೇರಿದ ಮಾತ್ರೆ ತಗೊಂಡಾಗ, ಕಾಯಿಲೆ ತೀವ್ರವಾಗುವ ಅಪಾಯ ಐದು ವರ್ಷದಲ್ಲಿ ಸುಮಾರು ಶೇ. 25ರಷ್ಟು ತಗ್ಗಿತು. ಸಣ್ಣ ವಿಷಯವಲ್ಲ. ಆದರೆ ಕಾಯಿಲೆ ಇಲ್ಲದವರಿಗೆ ಅದು ಬರದಂತೆ ತಡೆಯುತ್ತೆ ಅಂತ ಆ ಅಧ್ಯಯನ ತೋರಿಸಲಿಲ್ಲ. ಕಣ್ಣಿನ ಪೊರೆಗಂತೂ ಪ್ರಯೋಜನ ಕಾಣಲಿಲ್ಲ.

ಲೇಬಲ್ ಫಲಿತಾಂಶ ಇಟ್ಕೊಂಡು 'ಯಾರಿಗೆ' ಅನ್ನೋದನ್ನ ಅಳಿಸಿಬಿಟ್ಟಿದೆ. ನಮ್ಮ ಭಾಷೇಲಿ ಹೇಳೋದಾದ್ರೆ, ಒಂದೇ ಟೆಸ್ಟ್ ಕೇಸ್ ಪಾಸಾದದ್ದು ತೋರಿಸಿ ಪ್ರೊಡಕ್ಷನ್‌ಗೆ ಬಿಟ್ಟ ಹಾಗೆ.

ಚಿಕ್ಕವನಿದ್ದಾಗ ಅಂಗನವಾಡೀಲಿ ಚಮಚದಲ್ಲಿ ಕುಡಿಸ್ತಿದ್ದ ವಿಟಮಿನ್ ಎ ನೆನಪಾಗುತ್ತೆ. ಭಾರತದಲ್ಲಿ 1970ರಲ್ಲಿ ಶುರುವಾದ ಆ ಕಾರ್ಯಕ್ರಮದಲ್ಲಿ ಯಾರಿಗೆ, ಯಾಕೆ ಅನ್ನೋದು ಸ್ಪಷ್ಟವಿತ್ತು: ಐದು ವರ್ಷದೊಳಗಿನ ಮಕ್ಕಳಿಗೆ, ಕೊರತೆಯಿಂದ ಕಣ್ಣು ಹೋಗದಿರಲಿ ಅಂತ. ಕೊರತೆ ಇದ್ದಲ್ಲಿ ವಿಟಮಿನ್ ಕಣ್ಣು ಉಳಿಸುತ್ತೆ. ದಿನವಿಡೀ ಸ್ಕ್ರೀನ್ ನೋಡಿ, ರೆಪ್ಪೆ ಬಡಿಯೋದೇ ಕಡಿಮೆಯಾಗಿ ಉರಿಯೋ ನಮ್ಮ ಕಣ್ಣಿನ ಕಥೆ ಬೇರೆ.

ಊರಲ್ಲಿ ಅಪ್ಪ ಆಸ್ಪತ್ರೆಗೆ ಬರೋಕೆ ಒಪ್ಪಲಿಲ್ಲ. "ನೀ ಕಳ್ಸಿರೋ ಮಾತ್ರೆ ಮುಗೀಲಿ ತಡಿ ಮಗ, ದುಡ್ಡು ಕೊಟ್ಟಿದೀಯ." ಮುಗಿಯೋ ಹೊತ್ತಿಗೆ ನಾನು ಇನ್ನೊಂದು ಡಬ್ಬಿ ಕಳಿಸ್ತಿದ್ದೆ. ಹೀಗೇ ಆರು ತಿಂಗಳು. ಒಂದು ಮುಸ್ಸಂಜೆ ಕೊಟ್ಟಿಗೆಯ ಮೆಟ್ಟಿಲು ಕಾಣದೆ ಬಿದ್ದರು.

ಕಣ್ಣಿನ ಡಾಕ್ಟ್ರು ಡಬ್ಬಿಯ ಹಿಂಭಾಗದ ಸಣ್ಣ ಅಕ್ಷರ ಓದಿ, "ಬೀಡಿ ಸೇದ್ತಿದ್ರಾ ಯಜಮಾನ್ರೇ?" ಅಂದ್ರು. ಮೂವತ್ತು ವರ್ಷ ಸೇದಿ ಬಿಟ್ಟವರು. ಅಂಥವರಿಗೆ ಬೀಟಾ ಕ್ಯಾರೊಟಿನ್ ಮಾತ್ರೆಯಿಂದ ಶ್ವಾಸಕೋಶದ ಕ್ಯಾನ್ಸರ್ ಅಪಾಯ ಹೆಚ್ಚುತ್ತೆ. 2013ರ ಎರಡನೇ ಏರೆಡ್ಸ್ ಅಧ್ಯಯನ ಅದರ ಬದಲು ಲ್ಯೂಟಿನ್, ಝಿಯಾಕ್ಸಾಂಥಿನ್ ಸಾಕು ಅಂದಿತ್ತು. ನಾನು ಕಳಿಸಿದ್ದರಲ್ಲಿ ಹಳೇ ಮಿಶ್ರಣವೇ ಇತ್ತು. ಅಪ್ಪನಿಗೆ ಆಗಿದ್ದಾದ್ರೂ ಏನು? ಪೊರೆ. ಮಾತ್ರೆಗೆ ಕರಗಲ್ಲ, ಆಪರೇಷನ್ನೇ ಆಗಬೇಕು.

ಲೇಬಲ್‌ಗೆ ಸೊನ್ನೆ ಅಂಕ. ಹಿಂಭಾಗ ಓದದೆ ಕೊಂಡ ಇಂಜಿನಿಯರ್‌ಗೂ ಸೊನ್ನೆ.

ಆಪರೇಷನ್ ಆದ ಮಾರನೇ ದಿನ ಪಟ್ಟಿ ಬಿಚ್ಚಿದಾಗ ಅಪ್ಪ ನನ್ನನ್ನೇ ಒಂದು ಗಳಿಗೆ ನೋಡಿದರು. "ಇದೇನ್ಲಾ, ನಿನ್ ಕೂದ್ಲು ಬೆಳ್ಳಗಾಗ್ಬುಟ್ಟವೆ!"