ಕಂಠಪಾಠವಾದ ಕನಿಕರ

ಬ್ರಿಟನ್ನಿನಲ್ಲಿ ಕುಟುಂಬವೈದ್ಯನಾಗಿ ಸ್ವತಂತ್ರವಾಗಿ ನೆಲೆಗೊಳ್ಳಬೇಕೆನ್ನುವವನು ಮೂರು ವರ್ಷಗಳ ತರಬೇತಿಯ ನಡುವೆಯೇ, ಹಗಲೆಲ್ಲ ರೋಗಿಗಳನ್ನು ನೋಡಿ ದಣಿದ ಮೇಲೆ ಉಳಿಯುವ ಹೊತ್ತಿನಲ್ಲಿ ಓದಿಕೊಂಡು, ಎಂ.ಆರ್.ಸಿ.ಜಿ.ಪಿ. ಎಂಬ ಪರೀಕ್ಷೆಯನ್ನು ದಾಟತಕ್ಕದ್ದು. 1952ರಲ್ಲಿ ಸ್ಥಾಪಿತವಾದ ಜನರಲ್ ಪ್ರಾಕ್ಟಿಷನರುಗಳ ಕಾಲೇಜು ಇದನ್ನು ನಡೆಸುತ್ತದೆ. ಹಿಂದೆ ಐಚ್ಛಿಕವಾಗಿದ್ದ ಈ ಪರೀಕ್ಷೆ 2007ರಿಂದ ವೃತ್ತಿಪ್ರವೇಶಕ್ಕೆ ಅನಿವಾರ್ಯವಾಯಿತು. ಕರ್ನಾಟಕದಲ್ಲಿ ವೈದ್ಯಶಾಸ್ತ್ರವನ್ನು ಓದಿ ಅಲ್ಲಿಗೆ ಹೋದವರಲ್ಲಿಯೂ ಇದನ್ನು ಎದುರಿಸಿದವರು ಉಂಟು.

ಜ್ಞಾನವನ್ನು ಅಳೆಯುವ ಎ.ಕೆ.ಟಿ. ಎಂಬ ಭಾಗದ ವಿಷಯದಲ್ಲಿ ಹೆಚ್ಚು ಹೇಳಬೇಕಾದುದಿಲ್ಲ. ಅದರಲ್ಲಿ ನೂರಕ್ಕೆ 80 ಪಾಲು ರೋಗಚಿಕಿತ್ಸೆಗೆ ಸಂಬಂಧಿಸಿದ್ದು. ಉಳಿದುದನ್ನು ಸಂಖ್ಯಾಶಾಸ್ತ್ರವೂ ಆಡಳಿತವೂ ಸಮನಾಗಿ ಹಂಚಿಕೊಂಡಿವೆ. ಓದಿದವನಿಗೆ ಫಲಕೊಡುವ ಪ್ರಾಮಾಣಿಕವಾದ ಪರೀಕ್ಷೆ ಅದು.

ತೊಡಕಿರುವುದು ರೋಗಿಯೊಡನೆ ನಡೆಸುವ ಸಂಭಾಷಣೆಯ ಪರೀಕ್ಷೆಯಲ್ಲಿ. ನಟರು ರೋಗಿಗಳಾಗಿ ಬರುತ್ತಾರೆ. ಅಭ್ಯರ್ಥಿಯು ಅವರ ಮಾತನ್ನು ಆಲಿಸಿ, ವ್ಯಾಧಿಯನ್ನು ಊಹಿಸಿ, ಮುಂದಿನ ದಾರಿಯನ್ನು ಅವರೊಡನೆ ಕೂಡಿಯೇ ನಿಶ್ಚಯಿಸಬೇಕು. ರೋಗಿಯ ಸ್ವಂತ ಊಹೆಯೇನು, ಅಂಜಿಕೆಯೇನು, ಅಪೇಕ್ಷೆಯೇನು ಎಂಬುದನ್ನು ಅರಿಯದೆ ಚಿಕಿತ್ಸೆ ಪೂರ್ಣವಾಗದೆಂದು ಪೆಂಡಲ್ಟನ್ ಮೊದಲಾದವರು 1984ರಲ್ಲಿ ಪ್ರತಿಪಾದಿಸಿದ ತತ್ತ್ವ ನಿಶ್ಚಯವಾಗಿಯೂ ಉದಾತ್ತವಾದುದು. ಆದರೆ ಸಿದ್ಧತೆಯ ಗಡಿಬಿಡಿಯಲ್ಲಿ ಅದು ಮೂರು ಪ್ರಶ್ನೆಗಳ ಮಂತ್ರವಾಗಿ, ಅರ್ಥವರಿಯದ ಪುರೋಹಿತನ ಸಂಕಲ್ಪದಂತೆ ಬಾಯಿಂದ ಉದುರುತ್ತದೆ. ಎದೆನೋವೆಂದು ಬಂದವನು ತನ್ನ ಅಣ್ಣ ಕಳೆದ ತಿಂಗಳು ಹೃದಯಾಘಾತದಿಂದ ತೀರಿಕೊಂಡನೆಂದು ತಾನಾಗಿಯೇ ಹೇಳಿದ ಮರುಕ್ಷಣದಲ್ಲಿ, “ನಿಮಗೆ ವಿಶೇಷವಾದ ಚಿಂತೆ ಏನಾದರೂ ಇದೆಯೇ?” ಎಂದು ಕೇಳುವ ವೈದ್ಯನನ್ನು ಏನೆನ್ನೋಣ? ಆ ಪ್ರಶ್ನೆ ಪಟ್ಟಿಯಲ್ಲಿತ್ತು. ಉತ್ತರ ಎದುರಿಗೇ ಇತ್ತು.

ಇನ್ನೊಂದು ಆಕ್ಷೇಪ ಇದಕ್ಕಿಂತ ಗುರುತರವಾದುದು. ಬಿಳಿಯರಲ್ಲದ ಅಭ್ಯರ್ಥಿಗಳು, ಅವರು ಬ್ರಿಟನ್ನಿನಲ್ಲಿಯೇ ಓದಿದವರಾದರೂ, ಮೊದಲ ಯತ್ನದಲ್ಲಿ ಹೆಚ್ಚಾಗಿ ಅನುತ್ತೀರ್ಣರಾಗುತ್ತಿದ್ದರೆಂದು 2013ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ಲಿನ ಲೇಖನವೊಂದು ತೋರಿಸಿತು. ಭಾರತಮೂಲದ ವೈದ್ಯರ ಸಂಘ ನ್ಯಾಯಾಲಯದ ಮೊರೆಹೊಕ್ಕಿತು. 2014ರಲ್ಲಿ ನ್ಯಾಯಮೂರ್ತಿ ಮಿಟಿಂಗ್ ಪರೀಕ್ಷೆ ಕಾನೂನುಬದ್ಧವೆಂದೇ ತೀರ್ಪಿತ್ತರೂ, ನೈತಿಕವಾದ ಗೆಲುವು ಸಂಘದ್ದೆಂಬುದನ್ನು ಮರೆಮಾಚಲಿಲ್ಲ. ಅಲ್ಲಿಯೇ ಕಲಿತವರೂ ಹಿಂದೆಬಿದ್ದ ಮೇಲೆ, ಎಲ್ಲಕ್ಕೂ ಪರದೇಶದ ಶಿಕ್ಷಣವೇ ಕಾರಣವೆಂದು ಕೈತೊಳೆದುಕೊಳ್ಳಲಾಗದು.

2020ರ ಕೋವಿಡ್ ಮಾರಿ ಈ ಸಂಭಾಷಣೆಯ ಪರೀಕ್ಷೆ ನಡೆಯುತ್ತಿದ್ದ ಲಂಡನ್ನಿನ ಹಳೆಯ ಕೇಂದ್ರವನ್ನು ಮುಚ್ಚಿಸಿತು. 2023ರಿಂದ ಅಭ್ಯರ್ಥಿಯು ತನ್ನ ಚಿಕಿತ್ಸಾಲಯದಲ್ಲಿಯೇ ಕುಳಿತು, ವಿಡಿಯೊ ಅಥವಾ ಧ್ವನಿಯ ಮೂಲಕ, ತಲಾ 12 ನಿಮಿಷಗಳ 12 ಸಂಭಾಷಣೆಗಳನ್ನು ನಡೆಸುತ್ತಾನೆ. ಹಳೆಯ ಪದ್ಧತಿಯ 10 ನಿಮಿಷಗಳಿಗೆ ಎರಡು ನಿಮಿಷ ಕೂಡಿದ್ದೂ, ಪ್ರಯಾಣದ ಕಷ್ಟ ತಪ್ಪಿದ್ದೂ ಉಚಿತವೇ. ಆದರೆ ಹೊಟ್ಟೆಯನ್ನು ಒತ್ತಿ ನೋಡುವ, ನಾಡಿಯನ್ನು ಹಿಡಿಯುವ ಕೈ ಈ ಪರೀಕ್ಷೆಯಿಂದ ಹೊರಗುಳಿಯಿತು; ಅದನ್ನು ಅಳೆಯುವ ಹೊಣೆಯೆಲ್ಲ ತರಬೇತಿಯ ಸ್ಥಳದ ಹಿರಿಯ ವೈದ್ಯರ ಮೇಲೆ ಬಿದ್ದಿದೆ. ಇದನ್ನು ನಾನು ಉನ್ನತಿಯೆನ್ನಲಾರೆ. ಕಾಲೇಜು ಈ ಕೊರತೆಯನ್ನು ತುಂಬುವ ತನಕ, ಅಲ್ಲಿಗೆ ಹೊರಟಿರುವ ನಮ್ಮ ತರುಣ ವೈದ್ಯರು ಸಿದ್ಧವಾಕ್ಯಗಳ ಪುಸ್ತಕವನ್ನು ಕೊಳ್ಳುವುದಕ್ಕೆ ಮುಂಚೆ, ಮಾರ್ಗದರ್ಶಕರನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ದಿನದ ನಿಜವಾದ ರೋಗಿಗಳನ್ನು ನೋಡಲಿ. ತಾವು ಯಾವ ಮಾತನ್ನು ಕೇಳಿಸಿಕೊಳ್ಳದೆ ಹೋದೆವೆಂಬುದನ್ನು ಆ ಮಾರ್ಗದರ್ಶಕರಿಂದ ತಿಳಿದುಕೊಳ್ಳಲಿ.