ವಾರ್ಸಾ ಮತ್ಸ್ಯಕನ್ಯೆಯ ಕೈಯಾಯುಧ

ಪೋಲೆಂಡಿನ ರಾಜಧಾನಿ ವಾರ್ಸಾದ ನಗರಲಾಂಛನದಲ್ಲಿರುವವಳು ಖಡ್ಗವೆತ್ತಿ ಗುರಾಣಿ ಹಿಡಿದ ಮತ್ಸ್ಯಕನ್ಯೆ. ವಿಸ್ತುಲಾ ನದಿಯ ಬೆಸ್ತರು ಲೋಭಿ ವರ್ತಕನೊಬ್ಬನ ಸೆರೆಯಿಂದ ಆಕೆಯನ್ನು ಬಿಡಿಸಿದರೆಂದೂ, ಆ ಉಪಕಾರಕ್ಕಾಗಿ ಅವರ ಊರನ್ನು ಕಾಯುವೆನೆಂದು ಆಕೆ ಮಾತುಕೊಟ್ಟಳೆಂದೂ ಐತಿಹ್ಯ. ಖಡ್ಗವು ಆ ಮಾತಿನ ಕುರುಹು. ಆಕೆಯ ರೂಪವಾದರೋ ಎಂದೂ ಸ್ಥಿರವಾಗಿರಲಿಲ್ಲ; ಹಳೆಯ ನಗರಮುದ್ರೆಗಳಲ್ಲಿ ಆಕೆಗೆ ಹಕ್ಕಿಯ ಕಾಲುಗಳಿದ್ದುವು. ಆದುದರಿಂದ ಕಲಾವಿದನು ಆಕೆಯನ್ನು ಬೇರೆ ಬಗೆಯಾಗಿ ಕಲ್ಪಿಸಿದರೆ ಅದನ್ನು ಸಂಪ್ರದಾಯಭಂಗವೆನ್ನಲಾಗದು. ಇಲ್ಲಿ ವಿಚಾರಣೀಯವಾದುದು ಔಚಿತ್ಯ.

1948ರಲ್ಲಿ ಪಿಕಾಸೊ ವಾರ್ಸಾಕ್ಕೆ ಬಂದಾಗ, ಯುದ್ಧದಲ್ಲಿ ನೆಲಸಮವಾಗಿದ್ದ ನಗರವನ್ನು ಮತ್ತೆ ಕಟ್ಟಲಾಗುತ್ತಿತ್ತು. ಕೋವೊ ಬಡಾವಣೆಯ ಹೊಸ ಮನೆಯೊಂದರ ಗೋಡೆಯ ಮೇಲೆ ಅವನು ಇದ್ದಿಲಿನಿಂದ ಮತ್ಸ್ಯಕನ್ಯೆಯನ್ನು ಬರೆದ. ಆಕೆಯ ಕೈಗೆ ಖಡ್ಗಕ್ಕೆ ಬದಲಾಗಿ ಸುತ್ತಿಗೆಯನ್ನು ಕೊಟ್ಟ. ಭಾರತೀಯ ಶಿಲ್ಪಪರಂಪರೆಯನ್ನು ಬಲ್ಲವರಿಗೆ ಆಯುಧ ಬದಲಾದರೆ ಮೂರ್ತಿಯ ಅರ್ಥವೇ ಬದಲಾಗುವುದೆಂಬುದು ಹೊಸ ಮಾತಲ್ಲ. ಮನೆ ಕಟ್ಟುವವನ ಕೈಯಲ್ಲಿ ಸುತ್ತಿಗೆ ಸಹಜವೇ. ಆದರೆ ಅಂದು ಅದು ಅಧಿಕಾರದಲ್ಲಿದ್ದ ಪಕ್ಷದ ಗುರುತೂ ಆಗಿತ್ತು. ಊರಿಗೆ ಮಾತುಕೊಟ್ಟವಳು ಇಲ್ಲಿ ಪ್ರಭುತ್ವದ ಊಳಿಗಕ್ಕೆ ನಿಂತಂತೆ ಕಾಣುತ್ತಾಳೆ. ರೇಖೆಯ ಪ್ರೌಢಿಮೆ ಈ ದೋಷವನ್ನು ಮುಚ್ಚಲಾರದು. ಆ ಮನೆಯಲ್ಲಿ ನೆಲಸಿದ ದಂಪತಿಗಳಿಗೆ ಚಿತ್ರ ನೋಡಲು ಬರುವವರ ಕಾಟ ತಡೆಯದಾಯಿತು. 1953ರಲ್ಲಿ ಚಿತ್ರವನ್ನು ಅಳಿಸಲಾಯಿತು. ಇದನ್ನು ಅರಸಿಕತೆಯೆಂದು ಹಳಿಯುವುದು ಸುಲಭ. ಹಳಿಯುವವರು ಆ ಮನೆಯಲ್ಲಿ ಸಂಸಾರ ಮಾಡಬೇಕಾಗಿರಲಿಲ್ಲ.

ಲುದ್ವಿಕಾ ನಿಚೋವಾ ಎಂಬ ಶಿಲ್ಪಿ 1939ರಲ್ಲಿ ನದಿಯ ದಂಡೆಯಲ್ಲಿ ನಿಲ್ಲಿಸಿದ ಕಂಚಿನ ಪ್ರತಿಮೆಯ ಕಥೆ ಬೇರೆ. ಅದಕ್ಕೆ ಮಾದರಿಯಾಗಿ ನಿಂತವಳು ಕ್ರಿಸ್ತಿನಾ ಕ್ರಹೆಲ್ಸ್ಕಾ ಎಂಬ ಕವಯಿತ್ರಿ. 1944ರ ಆಗಸ್ಟಿನಲ್ಲಿ ವಾರ್ಸಾದ ಜನ ಜರ್ಮನ್ ಸೈನ್ಯದ ವಿರುದ್ಧ ದಂಗೆಯೆದ್ದಾಗ ಆಕೆ ಗಾಯಾಳುಗಳ ಶುಶ್ರೂಷೆಗೆ ಹೋಗಿ ಗುಂಡೇಟಿನಿಂದ ಮಡಿದಳು. ಶಿಲ್ಪದ ಖಡ್ಗಕ್ಕೆ ಶಿಲ್ಪಿಯೂ ಊಹಿಸದಿದ್ದ ಅರ್ಥ ಅಂದಿನಿಂದ ಸಂದಿತು.

2020ರ ಜುಲೈಯಲ್ಲಿ ಲಿಂಗಾಲ್ಪಸಂಖ್ಯಾತರ ಹಕ್ಕಿಗಾಗಿ ಹೋರಾಡುವ ಕೆಲವರು ಮತ್ಸ್ಯಕನ್ಯೆಗೆ ಕಾಮನಬಿಲ್ಲಿನ ಬಣ್ಣದ ಧ್ವಜವನ್ನು ತೊಡಿಸಿದರು. ಇದು ಬೀದಿಕಲೆಯೋ ಬರಿಯ ಪ್ರತಿಭಟನೆಯೋ ಎಂಬ ಚರ್ಚೆ ಇಲ್ಲಿ ಬೇಡ. ಅವರು ಖಡ್ಗವನ್ನು ಕಿತ್ತುಕೊಳ್ಳಲಿಲ್ಲ. ನೀನು ಕಾಯುವ ಊರಿನವರಲ್ಲಿ ನಾವೂ ಸೇರಿದ್ದೇವೆಯೇ ಎಂದು ಕೇಳಿದರು. ಐತಿಹ್ಯದ ಒಳಗಿನಿಂದಲೇ ಹುಟ್ಟಿದ ಪ್ರಶ್ನೆ ಇದು. ಪಿಕಾಸೊವಿನ ಸುತ್ತಿಗೆಗಿಲ್ಲದ ಔಚಿತ್ಯ ಈ ತುಂಡು ಬಟ್ಟೆಗಿದೆ. ಚರ್ಚೊಂದರ ಮುಂದಿನ ಕ್ರಿಸ್ತನ ಪ್ರತಿಮೆಗೂ ಅದೇ ಧ್ವಜವನ್ನು ಕಟ್ಟಿದುದು ಮಾತ್ರ ಬೇರೆಯಾಗಿಯೇ ವಿಮರ್ಶಿಸಬೇಕಾದ ಸಂಗತಿ. ನಗರಲಾಂಛನ ನಾಗರಿಕರೆಲ್ಲರ ಸೊತ್ತು. ಪೂಜಾಮೂರ್ತಿಗೆ ಭಕ್ತರಿದ್ದಾರೆ, ಅವರ ನೋವೂ ಹುಸಿಯಲ್ಲ. ಕೆಲವರ ಬಂಧನವಾದಾಗ ಎದ್ದ ವಾದಗಳಲ್ಲಿ ಇತ್ತಂಡದವರೂ ಈ ಭೇದವನ್ನು ಮರೆತರು.