ಹೊಡೆಯೋರು ಅವರು, ತಿಕ್ಕೋರು ನಾವು
(ಕೋವಿಯ ಶೋಕಿ ಮತ್ತು ನಮ್ಮ ಬೇಟೆ ಬರಹ)

ಮಲೆನಾಡಿನ ಒಂದು ಹೈಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಾಗ, ಶಾಲೆಯ ಕಾಂಪೌಂಡು ಗೋಡೆಗೆ ಚಂದಾ ಕೇಳೋಣ ಅಂತ ಒಬ್ಬ ತೋಟದ ಸಾಹುಕಾರರ ಮನೆಗೆ ಹೋಗಿದ್ದೆ. ಚಂದಾದ ಮಾತು ಐದು ನಿಮಿಷಕ್ಕೆ ಮುಗಿಯಿತು. ಆಮೇಲೆ ಅವರು ಬೀರು ತೆಗೆದು ಕೋವಿ ತೋರಿಸೋಕೆ ಶುರುಮಾಡಿದರು. ಅದು ಎರಡು ಗಂಟೆ ಹಿಡಿಯಿತು.

ಒಂದು ಅವರ ಅಜ್ಜನ ಕಾಲದ ಕೇಪಿನ ಕೋವಿ. ಇನ್ನೊಂದು ಬರ್ಮಿಂಗ್‌ಹ್ಯಾಮಿನಲ್ಲಿ ತಯಾರಾದ ಜೋಡುನಳಿಗೆಯ ತೋಟಾಕೋವಿ. "ಹನ್ನೆರಡು ಬೋರು ಅಂದ್ರೇನು ಗೊತ್ತಾ ಮೇಷ್ಟ್ರೇ? ಒಂದು ಪೌಂಡು ಸೀಸದಲ್ಲಿ ಸಮನಾಗಿ ೧೨ ಗುಂಡು ಮಾಡಿದ್ರೆ, ಒಂದೊಂದು ಗುಂಡು ಎಷ್ಟು ದಪ್ಪ ಬರುತ್ತೋ ಅಷ್ಟು ನಳಿಗೆಯ ಬಾಯಿ." ಹಿಂದಿನ ಮರ ಸೀಳಿತ್ತಂತೆ, ಬೀಟೆ ಮರದ್ದು ಹಾಕಿಸಿದರಂತೆ. ಹೊಡೆದಾಗ ಭುಜಕ್ಕೆ ಒದೆಯಬಾರದು ಅಂತ ಹಿಂಬದಿಗೆ ರಬ್ಬರು ಕೂರಿಸಿದರಂತೆ. ಕೊನೆಗೆ ಒಂದು ಮಾತು ಹೇಳಿದರು: "ಕೋವಿ ಅಂದ್ರೆ ಕೈಹಿಡಿದವಳ ಹಾಗೆ ಮೇಷ್ಟ್ರೇ. ಇನ್ನೊಬ್ಬರ ಕೈಗೆ ಕೊಡಬಾರದು."

ಅವರು ಹಾಗೆ ಹೇಳುವ ಹೊತ್ತಿನಲ್ಲಿ ಆ ಕೇಪಿನ ಕೋವಿ ಇನ್ನೊಬ್ಬರ ಕೈಯಲ್ಲೇ ಇತ್ತು. ಜಗಲಿಯ ಕೆಳಗಿನ ಮೆಟ್ಟಿಲ ಮೇಲೆ ತೋಟದ ಲೈನ್ ಮನೆಯ ಮುದುಕರೊಬ್ಬರು ಕೂತು, ಗಜದ ತುದಿಗೆ ಬಟ್ಟೆ ಸುತ್ತಿ ನಳಿಗೆಯ ಒಳಗೆ ಆಡಿಸ್ತಾ ಇದ್ದರು. ಸಾಹುಕಾರರ ಕಣ್ಣಿಗೆ ಅವರು ಬೀಳಲೇ ಇಲ್ಲ.

ಹೊರಡುವಾಗ ಗೇಟಿನ ಹತ್ತಿರ ಆ ಅಜ್ಜ ಸಿಕ್ಕರು. ಮಾತಾಡಿಸಿದೆ. ಸಾಹುಕಾರರು ಎರಡು ಗಂಟೆಯಲ್ಲಿ ಹೇಳದ್ದನ್ನು ಅವರು ಹತ್ತು ನಿಮಿಷದಲ್ಲಿ ಹೇಳಿದರು. ಮಸಿ ಹಾಕಿ ಹೊಡೆದ ಕೋವಿಯನ್ನು ಅವತ್ತು ರಾತ್ರೀನೇ ಬಿಸಿನೀರಲ್ಲಿ ತೊಳೀಬೇಕು. ಸುಟ್ಟ ಮಸಿ ಗಾಳಿಯ ತೇವ ಎಳ್ಕೊಳ್ತದೆ, ಮಳೆಗಾಲದಲ್ಲಂತೂ ಬೆಳಗಾಗೋದ್ರೊಳಗೆ ಒಳಗೆಲ್ಲ ತುಕ್ಕು. ತೊಳೆದು, ಚೆನ್ನಾಗಿ ಆರಿಸಿ, ಆಮೇಲೆ ಎಣ್ಣೆ. ಕಬ್ಬಿಣದ ಪಟ್ಟಿಯನ್ನು ಸುರುಳಿ ಸುತ್ತಿ ಬೆಸೆದ ಹಳೇ ನಳಿಗೆ ತೋಟಾಕೋವಿಗಳಲ್ಲೂ ಇರ್ತಾವಂತೆ. ಅಂಥದಕ್ಕೆ ಈಗಿನ ಜೋರು ತೋಟಾ ಹಾಕಿದರೆ ಸಿಡಿದು ಹೊಡೆದವನ ಕೈಯೇ ಹೋದೀತು. ಇದೆಲ್ಲ ಅವರ ಅಪ್ಪ ಕಲಿಸಿದ್ದಂತೆ. ನಾನು ಕೇಳಿದೆ, "ನೀವು ಒಂದು ಈಡಾದ್ರೂ ಹೊಡೆದಿದ್ದೀರಾ ಅಜ್ಜ?" ಅವರು ಒಂದು ಸಲ ಮನೆಯ ಕಡೆ ತಿರುಗಿ ನೋಡಿದರು. "ಹೊಡೆಯೋರು ಅವರು ಸ್ವಾಮಿ, ತಿಕ್ಕೋರು ನಾವು."

ಗೆಳೆಯರೆ, ಕೋವಿಯ ಶೋಕಿಯ ಬಗ್ಗೆ ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ನಾನು ಓದಿಲ್ಲ. ಈ ಒಂದು ಮಾತನ್ನೇ ಅಳತೆಗೋಲು ಮಾಡಿಕೊಂಡು ನಮ್ಮ ಕಾನೂನನ್ನೂ ನಮ್ಮ ಸಾಹಿತ್ಯವನ್ನೂ ಅಳೆದು ನೋಡಬೇಕು ಅನ್ನಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ಶೋಕಿ ಅಂದರೇನು? ಒಂಬತ್ತನೇ ತರಗತಿಯವರಿಗೆ ನಾವು 'ನನ್ನ ಹವ್ಯಾಸ' ಅಂತ ಪ್ರಬಂಧ ಬರೆಸುತ್ತೇವೆ. ಲೈನ್ ಮನೆಯ ಹುಡುಗರೆಲ್ಲ ಗೈಡು ನೋಡಿ 'ಅಂಚೆಚೀಟಿ ಸಂಗ್ರಹ' ಅಂತ ಬರೆಯುತ್ತಾರೆ. ಅವರ ಮನೆಗೆ ಕಾಗದವೇ ಬರುವುದಿಲ್ಲ. ಬೆಳಿಗ್ಗೆ ದನ ಹೊಡೆಯೋದು, ರಜೆಯಲ್ಲಿ ಕಾಫಿ ಕುಯ್ಯೋದು, ಏಡಿ ಹಿಡಿಯೋದು ಇವೆಲ್ಲ ಹವ್ಯಾಸ ಅಲ್ಲ ಅಂತ ಆ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದೇ ಕೆಲಸ ಒಬ್ಬರ ಕೈಯಲ್ಲಿ ಹವ್ಯಾಸವಾಗುತ್ತದೆ, ಇನ್ನೊಬ್ಬರ ಕೈಯಲ್ಲಿ ಚಾಕರಿಯಾಗುತ್ತದೆ. ಕೋವಿಯ ವಿಷಯದಲ್ಲಿ ಮೂರನೆಯದೂ ಒಂದಿದೆ, ಅಪರಾಧವಾಗುತ್ತದೆ. ಸ್ವಂತ ಕೋವಿಯನ್ನು ತಾವೇ ಕೂತು ತಿಕ್ಕುವ, ಸ್ಪ್ರಿಂಗು ಸ್ಕ್ರೂಗಳ ಮೇಲೆ ನಿಜವಾದ ಪ್ರೀತಿ ಇರುವ ಸಾಹುಕಾರರೂ ಇದ್ದಾರೆ, ಇಲ್ಲವೆನ್ನುವುದಿಲ್ಲ. ಪ್ರಶ್ನೆ ಅವರ ಪ್ರೀತಿಯದಲ್ಲ. ಅಷ್ಟೇ ಗೊತ್ತಿದ್ದ ಇನ್ನೊಂದು ಕೈಗೆ ಆ ಪ್ರೀತಿಯ ಹಕ್ಕು ಯಾಕಿಲ್ಲ ಅನ್ನುವುದು.

ಇನ್ನು ಕಾನೂನು. ೧೮೭೮ರಲ್ಲಿ ಲಿಟ್ಟನ್ನನ ಸರ್ಕಾರ ಆಯುಧ ಕಾಯ್ದೆ ತಂದಾಗ ಈ ದೇಶದವರು ಲೈಸೆನ್ಸಿಲ್ಲದೆ ಕೋವಿ ಇಟ್ಟುಕೊಳ್ಳಬಾರದು ಅಂತಾಯಿತು, ಯುರೋಪಿಯನ್ನರಿಗೆ ವಿನಾಯಿತಿ ಸಿಕ್ಕಿತು. ಸ್ವಾತಂತ್ರ್ಯ ಬಂದ ಮೇಲೆ ೧೯೫೯ರ ಕಾಯ್ದೆ ಬಂತು. ಅದರ ೩ನೇ ಕಲಮನ್ನು ಬಿಡಿಸಿ ಓದಿ. ಕೋವಿ ಇರಬೇಕಾದರೆ ಲೈಸೆನ್ಸು ಬೇಕು ಅಂತ ಹೇಳಿ, ಅದರ ಕೆಳಗೇ ಒಂದು ರಿಯಾಯಿತಿ ಇದೆ. ಲೈಸೆನ್ಸು ಇದ್ದವರ ಎದುರಿನಲ್ಲೋ, ಅವರು ಬರೆದುಕೊಟ್ಟ ಚೀಟಿಯ ಮೇಲೋ, ಲೈಸೆನ್ಸಿಲ್ಲದವನೂ ಕೋವಿಯನ್ನು ಹೊತ್ತು ಹೋಗಬಹುದು. ಯಾತಕ್ಕೆ? ರಿಪೇರಿಗೆ, ಲೈಸೆನ್ಸು ನವೀಕರಿಸುವುದಕ್ಕೆ, ಇಲ್ಲವೆ ಯಜಮಾನರು ಬಳಸುವುದಕ್ಕೆ. ನಮ್ಮ ಮೆಟ್ಟಿಲ ಮೇಲಿನ ಅಜ್ಜ ಈ ದೇಶದ ಕಾನೂನಿನ ಪುಸ್ತಕದಲ್ಲಿ ಇದ್ದಾರೆ. ಅವರು ಇರುವುದು ಈ ಒಂದು ಸಾಲಿನಲ್ಲಿ, ಹೊರುವವರಾಗಿ.

ಅದೇ ಕಾಯ್ದೆಯ ೫ನೇ ಕಲಮಿನ ಪ್ರಕಾರ ಕೋವಿ ತಯಾರಿಸುವುದಕ್ಕೆ ಮಾತ್ರವಲ್ಲ, ರಿಪೇರಿ ಮಾಡುವುದಕ್ಕೂ ಲೈಸೆನ್ಸು ಬೇಕು. ೨೦೧೯ರ ತಿದ್ದುಪಡಿಯಲ್ಲಿ ಇದರ ಶಿಕ್ಷೆಯನ್ನು ಕನಿಷ್ಠ ೭ ವರ್ಷಕ್ಕೆ ಏರಿಸಿದ್ದಾರೆ, ಜೀವಾವಧಿಯ ತನಕ ಹೋಗಬಹುದು. ಅಂದರೆ ಕುಲುಮೆಯಲ್ಲಿ ಕೂತ ಕಮ್ಮಾರ ಯಾರದೋ ಕೋವಿಯ ಮುರಿದ ಕುದುರೆಯನ್ನು ಬೆಸೆದುಕೊಟ್ಟರೆ ಸಾಕು. ನಾಡಕೋವಿಯಿಂದ ಜೀವ ಹೋಗಿದೆ, ಜೀವ ಹೋಗುತ್ತದೆ. ಕಡಿವಾಣ ಬೇಡ ಅನ್ನುವ ಹುಚ್ಚು ನನಗಿಲ್ಲ. ಆದರೆ ಕೊಲ್ಲುವ ಕೋವಿ ಕಮ್ಮಾರನ ಕೈಯಲ್ಲಿ ಇದ್ದಾಗಲೂ ಬೀರುವಿನಲ್ಲಿ ಇದ್ದಾಗಲೂ ಕೊಲ್ಲುವುದೇ ಅಲ್ಲವೆ?

ಈಗ ಕೊಡಗಿಗೆ ಬನ್ನಿ, ಯಾಕೆಂದರೆ ಕೋವಿ ಅಂದ ಕೂಡಲೆ ಕನ್ನಡ ನಾಡಿನಲ್ಲಿ ನೆನಪಾಗುವುದು ಕೊಡಗು. ೧೮೫೭ರ ದಂಗೆಯ ನಂತರ ಬ್ರಿಟಿಷರು ಜನರ ಆಯುಧ ಕಿತ್ತುಕೊಳ್ಳುತ್ತಿದ್ದಾಗ, ೧೮೬೧ರಲ್ಲಿ ಮಾರ್ಕ್ ಕಬ್ಬನ್ ಕೊಡಗಿನವರ ನಿಷ್ಠೆಯನ್ನು ಹೊಗಳಿ ಅವರಿಗೆ ವಿನಾಯಿತಿ ಕೊಟ್ಟ. ಆ ವಿನಾಯಿತಿ ರೂಪ ಬದಲಾಯಿಸುತ್ತ ಇವತ್ತಿಗೂ ಇದೆ. ಕೊಡವ ಜನಾಂಗದವರು ಮತ್ತು ಜಮ್ಮಾ ಹಿಡುವಳಿದಾರರು, ಈ ಎರಡು ವರ್ಗಕ್ಕೆ. ೨೦೧೯ರಲ್ಲಿ ಕೇಂದ್ರ ಸರ್ಕಾರ ಅದನ್ನು ೨೦೨೯ರ ತನಕ ಮುಂದುವರಿಸಿತು. ಜಾತಿ ಮತ್ತು ಭೂಮಿ ನೋಡಿ ಕೊಡುವ ಈ ವಿನಾಯಿತಿ ಸಮಾನತೆಗೆ ವಿರುದ್ಧ ಅಂತ ಹೈಕೋರ್ಟಿಗೆ ಅರ್ಜಿ ಹೋಯಿತು. ೨೦೨೧ರ ಸೆಪ್ಟೆಂಬರಿನಲ್ಲಿ ಹೈಕೋರ್ಟು ಅರ್ಜಿಯನ್ನು ವಜಾ ಮಾಡಿತು. ಕೊಡವರು ಯೋಧ ಜನಾಂಗ, ಸ್ವಾತಂತ್ರ್ಯಕ್ಕೂ ಮುಂಚಿನಿಂದ ಬಂದದ್ದು ಅನ್ನುವ ಕಾರಣ ಕೊಟ್ಟಿತು.

ಒಂದು ಮಾತು ಸ್ಪಷ್ಟವಾಗಿರಲಿ. ಇದು ಕೊಡವರ ಮೇಲಿನ ಜಗಳವಲ್ಲ. ಕೈಲ್ ಪೊಳ್ದ್ ದಿವಸ ಕೋವಿಯ ಬಾಯಿಗೆ ತೋಕ್ ಪೂ ಸಿಕ್ಕಿಸಿ ಪೂಜೆ ಮಾಡುವುದು, ತೆಂಗಿನಕಾಯಿಗೆ ಗುರಿ ಹೊಡೆಯುವುದು, ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು ಈಡು, ಇವು ಒಂದು ಸಣ್ಣ ಜನಾಂಗ ತನ್ನ ಗುರುತು ಉಳಿಸಿಕೊಂಡ ರೀತಿ. ಅದನ್ನು ಲೇವಡಿ ಮಾಡುವುದು ನಮ್ಮ ಕೆಲಸವಲ್ಲ. ಆದರೆ ಅದೇ ಕೊಡಗಿನ ತೋಟಗಳಲ್ಲಿ ಯರವರಿದ್ದಾರೆ, ಪಣಿಯರಿದ್ದಾರೆ, ಜೇನುಕುರುಬರಿದ್ದಾರೆ. ಕಾಡಿನ ಹಾದಿ ಅವರಿಗೆ ಗೊತ್ತಿರುವಷ್ಟು ಯಾರಿಗೂ ಗೊತ್ತಿಲ್ಲ. ಆನೆ ಬಂದು ತುಳಿಯುವುದು ಬೆಳಗ್ಗೆ ಕೆಲಸಕ್ಕೆ ನಡೆದು ಹೋಗುವವರನ್ನು. ಅವರಲ್ಲಿ ಯಾರಿಗೂ ಹುಟ್ಟಿನಿಂದ ಈ ವಿನಾಯಿತಿ ಇಲ್ಲ, ಜಮ್ಮಾ ಭೂಮಿ ಇಲ್ಲದ್ದರಿಂದ ಭೂಮಿಯ ಮೂಲಕವೂ ಇಲ್ಲ. ನಮ್ಮ ತಕರಾರು ಕೋವಿಯ ಮೇಲಲ್ಲ, ಹುಟ್ಟನ್ನು ಅರ್ಹತೆ ಮಾಡಿದ ಬರಹದ ಮೇಲೆ.

ಯೋಧ ಜನಾಂಗ ಅನ್ನುವ ಮಾತಿದೆಯಲ್ಲ, ಅದು ಎಲ್ಲಿ ಹುಟ್ಟಿತು? ಬ್ರಿಟಿಷರ ಸೈನ್ಯದ ಕಚೇರಿಯಲ್ಲಿ. ಅವರ ಪರವಾಗಿ ೧೮೧೮ರಲ್ಲಿ ಕೋರೆಗಾಂವಿನಲ್ಲಿ ಕಾದಿದ ಮಹಾರರನ್ನು ೧೮೯೦ರ ದಶಕದಲ್ಲಿ ಅದೇ ಬ್ರಿಟಿಷರು ಸೈನ್ಯಕ್ಕೆ ಸೇರಿಸಿಕೊಳ್ಳುವುದನ್ನು ನಿಲ್ಲಿಸಿದರು. ಮಹಾರರ ತೋಳಿನ ಬಲ ರಾತ್ರೋರಾತ್ರಿ ಇಳಿದುಹೋಯಿತೇ? ಇಲ್ಲ, ಆರ್ಡರು ಬದಲಾಯಿತು. ೧೯೪೧ರಲ್ಲಿ ಯುದ್ಧಕ್ಕೆ ಜನ ಬೇಕಾದಾಗ ಮಹಾರ್ ರೆಜಿಮೆಂಟೇ ಎದ್ದು ನಿಂತಿತು. ಸುಬೇದಾರರ ಮಗನಾದ ಅಂಬೇಡ್ಕರರಿಗೆ ಇದು ಪುಸ್ತಕ ಓದಿ ಕಲಿತ ಪಾಠವಲ್ಲ, ಮನೆಯ ಅನುಭವ. ೧೯೩೬ರ 'ಜಾತಿ ವಿನಾಶ'ದಲ್ಲಿ ಅವರು ಒಂದು ಪ್ರಶ್ನೆ ಎತ್ತುತ್ತಾರೆ. ಬೇರೆ ದೇಶಗಳಲ್ಲಿ ಸಾಮಾಜಿಕ ಕ್ರಾಂತಿಗಳಾದವು, ಇಲ್ಲಿ ಯಾಕೆ ಆಗಲಿಲ್ಲ? ಚಾತುರ್ವರ್ಣ್ಯ ಕೆಳಗಿನವರಿಗೆ ಆಯುಧವನ್ನೂ ಕೊಡಲಿಲ್ಲ, ವಿದ್ಯೆಯನ್ನೂ ಕೊಡಲಿಲ್ಲ ಅನ್ನುವುದು ಅವರ ಉತ್ತರದ ತಿರುಳು. ಆಯುಧ ಅಂದರೆ ಅಲ್ಲಿ ಬರೀ ಕಬ್ಬಿಣವಲ್ಲ. ಯಾರ ಕೈಯಲ್ಲಿ ಏನಿರಬೇಕು ಅಂತ ಹುಟ್ಟುವ ಮುಂಚೆಯೇ ಬರೆದಿಡುವ ಅಧಿಕಾರ.

ಇಷ್ಟು ಹೇಳಿ ನಮ್ಮ ಸಾಹಿತ್ಯಕ್ಕೆ ಬರುತ್ತೇನೆ. ಕನ್ನಡದಲ್ಲಿ ಬೇಟೆಯ ಬರಹಕ್ಕೆ ದೊಡ್ಡ ಪರಂಪರೆ ಇದೆ. ಕುವೆಂಪು ಅವರ 'ಮಲೆನಾಡಿನ ಚಿತ್ರಗಳು' (೧೯೩೩) ಓದಿ ಕಾಡಿನ ಹುಚ್ಚು ಹತ್ತಿಸಿಕೊಳ್ಳದ ಹುಡುಗ ಯಾರಿದ್ದಾನೆ? ನಾನೂ ಹತ್ತಿಸಿಕೊಂಡವನೇ. ಆಮೇಲೆ ಕೆನೆತ್ ಆಂಡರ್ಸನ್. ಬೆಂಗಳೂರಿನಲ್ಲಿ ಬದುಕಿ ೧೯೭೪ರಲ್ಲಿ ತೀರಿಕೊಂಡ ಈ ಬೇಟೆಗಾರನ ಕತೆಗಳನ್ನು ತೇಜಸ್ವಿ 'ಕಾಡಿನ ಕಥೆಗಳು' ಅಂತ ಕನ್ನಡಕ್ಕೆ ತಂದರು. ಹಾಸ್ಟೆಲಿನಲ್ಲಿ ನಾವು ಅವನ್ನು ಸರದಿ ಮೇಲೆ ಓದುತ್ತಿದ್ದೆವು. ಆಂಡರ್ಸನ್ನನ ಪಾಯಿಂಟ್ ೪೦೫ ವಿಂಚೆಸ್ಟರ್ ರೈಫಲ್ಲು ನಮಗೆ ಬಾಯಿಪಾಠ. ಆದರೆ ಅವನಿಗೆ ಕಾಡು ಓದುವುದನ್ನು ಕಲಿಸಿದವರಲ್ಲಿ ಒಬ್ಬನಾದ, ಪೂಜಾರಿ ಬುಡಕಟ್ಟಿನ ಬೈರ? ಆಂಡರ್ಸನ್ ಬೈರನನ್ನು ಪ್ರೀತಿಯಿಂದಲೇ ಬರೆದಿದ್ದಾನೆ, ಗೆಳೆಯ ಅಂತಲೇ ಬರೆದಿದ್ದಾನೆ. ಆದರೂ ಆ ಬರಹದೊಳಗೆ ಬೈರ ಕಳ್ಳಬೇಟೆಯವನು, ಆಂಡರ್ಸನ್ ಬೇಟೆಗಾರ. ಇಬ್ಬರೂ ಹೋದದ್ದು ಅದೇ ಕಾಡಿಗೆ. ಒಬ್ಬ ಹೋದದ್ದು ಹೊಟ್ಟೆಗೆ, ಒಬ್ಬ ಹೋದದ್ದು ಹವ್ಯಾಸಕ್ಕೆ. ಕಳ್ಳ ಅನ್ನುವ ಮಾತು ಅಂಟಿದ್ದು ಹೊಟ್ಟೆಗೆ ಹೋದವನಿಗೆ.

ಬೇಟೆ ಬರಹವನ್ನು ಓದುವಾಗ ನಾನು ಈಗ ಒಂದೇ ಲೆಕ್ಕ ಹಾಕುತ್ತೇನೆ. ಕೋವಿಗೆ ಎಷ್ಟು ಸಾಲು, ಕೋವಿ ಹೊತ್ತವನಿಗೆ ಎಷ್ಟು ಸಾಲು, ಹಳುವಿಗೆ ನುಗ್ಗಿ ಕೂಗು ಹಾಕುತ್ತ ಪ್ರಾಣಿಯನ್ನು ಸೋವಿದವನಿಗೆ ಎಷ್ಟು ಸಾಲು? ಈ ಲೆಕ್ಕದಲ್ಲಿ ಕುವೆಂಪು ಗೆಲ್ಲುತ್ತಾರೆ ಅನ್ನುವುದನ್ನೂ ಹೇಳಬೇಕು. 'ಮಲೆಗಳಲ್ಲಿ ಮದುಮಗಳು' (೧೯೬೭) ಬರೆಯುವ ಹೊತ್ತಿಗೆ ಅವರ ಕಣ್ಣು ಜಗಲಿಯಿಂದ ಇಳಿದು ಹೊಲಗೇರಿಯ ಗುತ್ತಿಯ ಜೊತೆ, ಅವನ ನಾಯಿ ಹುಲಿಯನ ಜೊತೆ ನಡೆಯುತ್ತದೆ. ದೊಡ್ಡ ಲೇಖಕನಿಗೆ ಅದು ಸಾಧ್ಯ. ಅವರನ್ನು ಅನುಕರಿಸಿದ ಸಣ್ಣವರು ಬರೀ ಕೋವಿಯನ್ನು ತೆಗೆದುಕೊಂಡರು, ಗುತ್ತಿಯನ್ನು ಬಿಟ್ಟರು. ಪತ್ರಿಕೆಗಳಲ್ಲಿ ಬರುವ ಬೇಟೆ ನೆನಪುಗಳನ್ನು ನೋಡಿ. ಕೋವಿಯ ಕಂಪನಿಯ ಹೆಸರು ಇರುತ್ತದೆ, ನಾಯಿಯ ಹೆಸರು ಇರುತ್ತದೆ. ಸೋವಿದವರು 'ನಮ್ಮ ಆಳುಗಳು'.

ನಮ್ಮ ಚಿಕ್ಕಪ್ಪ ಅಂಥ ಒಬ್ಬ ಆಳು. ಬೇಟೆಗೆ ಕಡಿವಾಣ ಹಾಕಿದ ೧೯೭೨ರ ವನ್ಯಜೀವಿ ಕಾಯ್ದೆಗೂ ಮುಂಚಿನ ಮಾತು. ಊರ ಯಜಮಾನರ ಬೇಟೆಯಲ್ಲಿ ಹಳು ನುಗ್ಗಿದ್ದಾಗ ಹಂದಿಗೆ ಬಿಟ್ಟ ಈಡಿನ ಎರಡು ಚರೆ ಅವನ ತೊಡೆಗೆ ಹೋದವು. ದೂರು ಯಾರೂ ಕೊಡಲಿಲ್ಲ, ಕೊಡುವುದುಂಟು ಅಂತಲೇ ಯಾರಿಗೂ ಹೊಳೆಯಲಿಲ್ಲ. ಹಂದಿಯ ಪಾಲಿನಲ್ಲಿ ಸ್ವಲ್ಪ ಹೆಚ್ಚಿಗೆ ಕೊಟ್ಟರಂತೆ. ಒಂದು ಚರೆ ಸಾಯುವ ತನಕ ಒಳಗೇ ಇತ್ತು. ಚಿಕ್ಕವರಾದ ನಾವು ಅದನ್ನು ಬೆರಳಲ್ಲಿ ಒತ್ತಿ ನೋಡುತ್ತಿದ್ದೆವು, ಚರ್ಮದ ಕೆಳಗೆ ಜಾರುತ್ತಿತ್ತು. ಆ ಬೇಟೆಯ ಕತೆಯನ್ನು ದೊಡ್ಡ ಮನೆಯಲ್ಲಿ ಹಂದಿಯ ಕತೆಯಾಗಿ ಹೇಳುತ್ತಾರೆ. ನಮ್ಮ ಕೇರಿಯಲ್ಲಿ ಅದು ಚಿಕ್ಕಪ್ಪನ ತೊಡೆಯ ಕತೆ. ಮೊದಲನೆಯದು ಅಚ್ಚಾಗಿದೆ, ಎರಡನೆಯದು ಇದೇ ಮೊದಲು.

ಕೊನೆಗೆ ನಮ್ಮನ್ನೂ ಬಿಡಬಾರದು. ಕಾವ್ಯವನ್ನು ಆಯುಧ ಮಾಡುತ್ತೇವೆ ಅಂತ ಹೊರಟವರು ನಾವು. ಎಷ್ಟು ಪದ್ಯಗಳಲ್ಲಿ ಕತ್ತಿ, ಎಷ್ಟು ಪದ್ಯಗಳಲ್ಲಿ ಕೋವಿ, ಮದ್ದು, ಕಿಡಿ! ಅವನ್ನು ಬರೆದವರಲ್ಲಿ ಎಷ್ಟು ಜನ ಕೋವಿಯನ್ನು ಹತ್ತಿರದಿಂದ ಕಂಡಿದ್ದೇವೆ? ಪದ್ಯದಲ್ಲಿ ಕೋವಿ ಎತ್ತಿ ಹಿಡಿಯುವುದೂ ಒಂದು ಶೋಕಿಯೇ, ಖರ್ಚಿಲ್ಲದ ಶೋಕಿ. ಮೆಟ್ಟಿಲ ಮೇಲಿನ ಅಜ್ಜನ ಎದುರು ಆ ಪದ್ಯ ಓದಿದರೆ ಅವರು ನಕ್ಕಾರು. ತುಕ್ಕಿನ ಬಗ್ಗೆ, ಮಸಿಯ ವಾಸನೆಯ ಬಗ್ಗೆ, ಕೆಳಗಿನ ಮೆಟ್ಟಿಲ ಬಗ್ಗೆ ಬರೆದ ಒಂದು ಪದ್ಯ ನಮ್ಮಲ್ಲಿ ಬಂದಿದೆಯೇ?

ಹಾಗಾದರೆ ಮನೆಗೊಂದು ಕೋವಿ ಕೇಳೋಣವೇ? ಬೇಡ. ಕೋವಿ ಹೆಚ್ಚಾದ ಊರಲ್ಲಿ ಮೊದಲು ಸಾಯುವವರು ಯಾರು ಅಂತ ನಮಗೆ ಗೊತ್ತಿದೆ. ನಾವು ಕೇಳಬೇಕಾದದ್ದು ಎರಡು. ಕೋವಿಗೆ ಒಂದೇ ಕಾನೂನು ಇರಲಿ, ಅದರಲ್ಲಿ ಹುಟ್ಟಿನ ಮಾತು, ಹಿಡುವಳಿಯ ಮಾತು ಇರದಿರಲಿ. ಬೆಳೆ ಕಾಯಲು ಕೊಡುವುದಾದರೆ ಬೆಳೆಯ ಜೊತೆ ಜೀವವನ್ನೂ ಕಾಯಬೇಕಾದ ಕೂಲಿಯವರ ಲೆಕ್ಕವೂ ಇರಲಿ. ಎರಡನೆಯದನ್ನು ಸರ್ಕಾರ ಕೊಡಲಾರದು, ನಾವೇ ಮಾಡಬೇಕು. ಇದನ್ನು ಓದುತ್ತಿರುವ ಮೇಷ್ಟ್ರುಗಳೆ, ವಿದ್ಯಾರ್ಥಿ ಗೆಳೆಯರೆ, ನಿಮ್ಮ ಊರಿನಲ್ಲಿ ಕೋವಿ ತಿಕ್ಕಿದವರು, ಹಳು ಸೋವಿದವರು ಇನ್ನೂ ಕೆಲವರು ಇದ್ದಾರೆ. ವಯಸ್ಸಾಗಿದೆ. ಹೋಗಿ ಪಕ್ಕದಲ್ಲಿ ಕೂತು ಕೇಳಿ, ಅವರ ಮಾತಿನಲ್ಲೇ ಬರೆದುಕೊಳ್ಳಿ.

ಶಾಲೆಯ ಕಾಂಪೌಂಡು ಆಯಿತು. ಚಂದಾ ಕೊಟ್ಟ ಸಾಹುಕಾರರ ಹೆಸರು ಕಲ್ಲಿನ ಮೇಲಿದೆ. ಆ ಅಜ್ಜನ ಹೆಸರು ಕೇಳುವುದನ್ನು ಅವತ್ತು ನಾನೂ ಮರೆತಿದ್ದೆ.